ದೇವರು ದಾಟದ ಸರೋವರ

ಜಪಾನಿನ ನಾಗಾನೊ ಪ್ರಾಂತ್ಯದ ಬೆಟ್ಟಗಳ ನಡುವೆ ಸುವಾ ಎಂಬ ಸರೋವರವಿದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಜಾಗ ಅದು. ಹಿಂದೆಲ್ಲ ಚಳಿಗಾಲ ಬಂತೆಂದರೆ ಇಡೀ ಸರೋವರ ಹೆಪ್ಪುಗಟ್ಟುತ್ತಿತ್ತು. ರಾತ್ರಿಯ ಚಳಿಗೆ ಮಂಜುಗಡ್ಡೆ ಕುಗ್ಗಿ ಬಿರುಕು ಬಿಡುತ್ತಿತ್ತು. ಬಿರುಕಿನೊಳಗೆ ನೀರು ಬಂದು ಅದೂ ಗಟ್ಟಿಯಾಗುತ್ತಿತ್ತು. ಹಗಲಿನ ಬಿಸಿಗೆ ಮಂಜುಗಡ್ಡೆ ಹಿಗ್ಗಿದಾಗ ಜಾಗ ಸಾಲದೆ ಅಂಚುಗಳು ಒಂದನ್ನೊಂದು ಒತ್ತಿ ಮೇಲೇಳುತ್ತಿದ್ದವು. ದೊಡ್ಡ ಸದ್ದಿನೊಂದಿಗೆ, ಗದ್ದೆಗೆ ಬದು ಹಾಕಿದ ಹಾಗೆ, ಸರೋವರದ ಮೇಲೆ ಉದ್ದಕ್ಕೆ ಮಂಜಿನ ಏರಿ ಎದ್ದು ನಿಲ್ಲುತ್ತಿತ್ತು.

ಅಲ್ಲಿಯವರು ಇದನ್ನು 'ಒಮಿವತಾರಿ' ಎನ್ನುತ್ತಾರೆ. ದೇವರು ದಾಟಿದ ದಾರಿ ಎಂದು ಅರ್ಥ. ಒಂದು ದಡದ ಗುಡಿಯ ದೇವರು ಎದುರು ದಡದ ಗುಡಿಯಲ್ಲಿರುವ ತನ್ನ ಹೆಂಡತಿಯನ್ನು ನೋಡಲು ಮಂಜಿನ ಮೇಲೆ ನಡೆದು ಹೋಗುತ್ತಾನೆ ಎಂಬುದು ಅವರ ನಂಬಿಕೆ. ದೇವರು ಯಾವಾಗ ದಾಟಿದ ಎಂದು ಗುಡಿಯ ಅರ್ಚಕರು 1443ರಿಂದಲೂ ಬರೆದಿಡುತ್ತ ಬಂದಿದ್ದಾರೆ. ನಮ್ಮಲ್ಲಿ ಆಗ ವಿಜಯನಗರದ ಅರಸರ ಆಳ್ವಿಕೆ!

ಭಕ್ತಿಯಿಂದ ಬರೆದ ಆ ಪುಸ್ತಕಗಳು ಇಂದು ವಿಜ್ಞಾನಿಗಳಿಗೆ ನಿಧಿಯಾಗಿವೆ. ಅವರು ಲೆಕ್ಕ ಹಾಕಿದಾಗ ಕಂಡದ್ದು ಇಷ್ಟು: ಮೊದಲ ಸುಮಾರು 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದೆ ಹೋದದ್ದು ಮೂರೇ ಸಲ. 1955ರಿಂದ 2004ರವರೆಗಿನ 50 ವರ್ಷಗಳಲ್ಲಿ 12 ಸಲ. ಆಮೇಲಿನ ಹತ್ತೇ ವರ್ಷಗಳಲ್ಲಿ ಐದು ಸಲ. 2018ರಲ್ಲಿ ಮಂಜಿನ ಏರಿ ಎದ್ದಿತ್ತು. 2019ರಿಂದ 2025ರವರೆಗೆ ಸತತ ಏಳು ಚಳಿಗಾಲ ಅದು ಏಳಲಿಲ್ಲ. ಅರ್ಚಕರು ಊರಿನವರೊಂದಿಗೆ ನಸುಕಿನಲ್ಲೇ ದಡಕ್ಕೆ ಹೋಗಿ, ನೀರಿನ ಉಷ್ಣಾಂಶ ಅಳೆದು, ಕೊನೆಗೆ 'ತೆರೆದ ಸಮುದ್ರ' ಎಂದು ದಾಖಲಿಸಿದರು. ಆ ಸಲ ದೇವರು ದಾಟಲಿಲ್ಲ ಎಂದರ್ಥ.

ಅದೇ ದೇಶದ ಕ್ಯೋಟೊ ನಗರದಲ್ಲಿ ಚೆರ್ರಿ ಮರಗಳು ಮೈತುಂಬ ಹೂ ಬಿಡುವ ದಿನದ ಲೆಕ್ಕ ಇನ್ನೂ ಹಳೆಯದು. ರಾಜರು, ಶ್ರೀಮಂತರು, ಭಿಕ್ಷುಗಳು ಬರೆದಿಟ್ಟ ದಿನಚರಿಗಳಿಂದ ಯಸುಯುಕಿ ಆವೊನೊ ಎಂಬ ವಿಜ್ಞಾನಿ 812ರಿಂದ ಈಚಿನ ತಾರೀಖುಗಳನ್ನು ಹುಡುಕಿ ಜೋಡಿಸಿದರು. ಏಪ್ರಿಲ್ ನಡುವಿನಲ್ಲಿ ಅರಳುತ್ತಿದ್ದ ಹೂ 2021ರಲ್ಲಿ ಮಾರ್ಚ್ 26ಕ್ಕೇ ತುಂಬಿ ನಿಂತಿತು. ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದು ಅದೇ ಮೊದಲು.

ಹೀಗೇಕಾಯಿತು? ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಭೂಮಿಯಿಂದ ಹೊರಗೆ ಹೋಗಬೇಕಾದ ಶಾಖವನ್ನು ಅದು ಕಂಬಳಿಯ ಹಾಗೆ ತಡೆದು ಹಿಡಿಯುತ್ತದೆ. ಕಾರ್ಖಾನೆಗಳು ಹುಟ್ಟುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಈ ಅನಿಲದವಾಗಿದ್ದವು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳೆಯಲು ಶುರುಮಾಡಿದಾಗ ಸುಮಾರು 315 ಇದ್ದವು. ಈಗ 420 ದಾಟಿದೆ. ಕಂಬಳಿ ದಪ್ಪವಾಗಿದೆ.

ಇದರಿಂದ ಭೂಮಿಯ ಸರಾಸರಿ ಉಷ್ಣಾಂಶ ನೂರೈವತ್ತು ವರ್ಷಗಳ ಹಿಂದಿಗಿಂತ ಸುಮಾರು ಒಂದೂಕಾಲು ಡಿಗ್ರಿ ಏರಿದೆ. 'ಅಷ್ಟೇ ತಾನೆ?' ಎಂದು ಕೇಳಬಹುದು. ಆದರೆ ನೀರು ಮಂಜುಗಡ್ಡೆಯಾಗುವುದು ಸೊನ್ನೆ ಡಿಗ್ರಿಯಲ್ಲಿ. ಸೊನ್ನೆಯ ಅಂಚಿನಲ್ಲಿರುವ ಸರೋವರಕ್ಕೆ ಒಂದು ಡಿಗ್ರಿಯೆಂದರೆ ಹೆಪ್ಪುಗಟ್ಟುವುದಕ್ಕೂ ಕಟ್ಟದಿರುವುದಕ್ಕೂ ಇರುವ ಅಂತರ. ಹಾಗೆಂದು ಒಂದು ವರ್ಷ ಚಳಿ ಹೆಚ್ಚಾಯಿತೆಂದು ಬಿಸಿ ನಿಂತಿತು ಎನ್ನಲಾಗದು. ಒಂದು ವರ್ಷ ಸೆಕೆ ಹೆಚ್ಚಾಯಿತೆಂದು ಎಲ್ಲ ಮುಗಿಯಿತು ಎನ್ನಲೂ ಆಗದು. ಹಲವು ವರ್ಷಗಳನ್ನು ಸಾಲಾಗಿಟ್ಟು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಅದಕ್ಕೇ ಬರೆದಿಡಬೇಕು.

ನಮ್ಮಲ್ಲೂ ಬರೆದಿಡುವವರಿದ್ದಾರೆ. ಕೊಡಗು, ಚಿಕ್ಕಮಗಳೂರು, ಹಾಸನದ ಅನೇಕ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ. ಅಜ್ಜ, ಅಪ್ಪ, ಮಗ ಹೀಗೆ ತಲೆಮಾರುಗಳಿಂದ ಇಂತಿಷ್ಟು ಇಂಚು, ಇಂತಿಷ್ಟು ಸೆಂಟ್ಸ್ ಎಂದು ಬರೆಯುತ್ತಾರೆ. ಕಾಫಿಗೆ ಮಳೆಯ ಪ್ರಮಾಣದಷ್ಟೇ ಮಳೆಯ ದಿನವೂ ಮುಖ್ಯ. ಫೆಬ್ರವರಿಯಿಂದ ಏಪ್ರಿಲ್ ಒಳಗೆ 'ಹೂಮಳೆ' ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅದೇ ಮಳೆ ಜನವರಿಯಲ್ಲಿ, ಹಣ್ಣು ಕೊಯ್ಯುವ ಹೊತ್ತಿಗೆ ಬಂದರೆ ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ. ಗಿಡ ಅಕಾಲದಲ್ಲಿ ಹೂ ಬಿಡುತ್ತದೆ. ಈ ವರ್ಷದ ಫಸಲಿಗೂ ಪೆಟ್ಟು, ಮುಂದಿನ ವರ್ಷದ ಫಸಲಿಗೂ ಪೆಟ್ಟು.

ಬಯಲುಸೀಮೆಯ ಹಿರಿಯರಿಗೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಯ ಹೆಸರುಗಳೆಲ್ಲ ಬಾಯಿಪಾಠ. ಒಂದೊಂದು ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಯಾವ ಮಳೆಗೆ ಉಳುಮೆ, ಯಾವ ಮಳೆಗೆ ಬಿತ್ತನೆ ಎಂಬುದು ಎಷ್ಟೋ ತಲೆಮಾರು ನೋಡಿ ನೋಡಿ ಕಲಿತ ವಿದ್ಯೆ. ಮಳೆ ಹಿಂದುಮುಂದಾದರೆ ಬೆಳೆಯ ಜೊತೆಗೆ ಆ ವಿದ್ಯೆಯೂ ನೆಲೆ ತಪ್ಪುತ್ತದೆ. ಮೊಮ್ಮಗನಿಗೆ 'ಈಗ ಬಿತ್ತು' ಎಂದು ಧೈರ್ಯವಾಗಿ ಹೇಳಲು ಅಜ್ಜನಿಗೆ ಆಗುವುದಿಲ್ಲ. ನಷ್ಟಗಳಲ್ಲಿ ಇದನ್ನೂ ಸೇರಿಸಬೇಕು.

ಮಕ್ಕಳೇ, ಈ ವಾರ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಿ. ಮಾವು, ಹೊಂಗೆ, ಹುಣಸೆ ಯಾವುದಾದರೂ ಸರಿ. ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ನೋಡಿ ಬರೆಯಿರಿ. ಕೇರಳದ ಶಾಲಾ ಮಕ್ಕಳು 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ಇದನ್ನೇ ಮಾಡುತ್ತಾರೆ. ಮಳೆ ಅಳೆಯಬೇಕೆಂದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿಡಿ. ಬೆಳಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ಹವಾಮಾನ ಇಲಾಖೆಯವರ ಮಳೆಯ ದಿನ ಲೆಕ್ಕಕ್ಕೆ ಬರುವುದೂ ಅದೇ ಹೊತ್ತಿಗೆ.

ಅಜ್ಜ ಅಜ್ಜಿಯರೇ, ನಿಮ್ಮ ಬಾಲ್ಯದಲ್ಲಿ ಕೆರೆ ಕೋಡಿ ಬೀಳುತ್ತಿದ್ದದ್ದು ಯಾವ ಹಬ್ಬದ ಹೊತ್ತಿಗೆ, ಮಾವಿನ ಹಣ್ಣು ಮನೆಗೆ ಬರುತ್ತಿದ್ದದ್ದು ಯಾವಾಗ, ಕಂಬಳಿ ಹೊದೆಯದೆ ನಿದ್ದೆ ಬಾರದ ತಿಂಗಳುಗಳು ಯಾವುವು ಎಂದು ಮೊಮ್ಮಕ್ಕಳಿಗೆ ಹೇಳಿ ಬರೆಸಿ. ನೆನಪಿನಿಂದ ಬರೆದದ್ದು ಒಂದು ಕಡೆ, ಕಣ್ಣಾರೆ ನೋಡಿ ಬರೆದದ್ದು ಇನ್ನೊಂದು ಕಡೆ ಇರಲಿ; ಎರಡನ್ನೂ ಬೆರೆಸಬೇಡಿ. ಮೊದಲ ಪುಟದಲ್ಲಿ ಊರಿನ ಹೆಸರು ಮತ್ತು ಇವತ್ತಿನ ತಾರೀಖು ಹಾಕುವುದನ್ನು ಮರೆಯಬೇಡಿ. ಮುಂದೆ ಆ ಪುಸ್ತಕ ತೆರೆದು ನೋಡುವವರಿಗೆ ಮೊದಲು ಬೇಕಾಗುವುದು ಅವೆರಡೇ.