ಎಣ್ಣೆಯಿಲ್ಲದ ಬಾಣಲೆ

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡವರ ಮಾತು ಗಾದೆಯಲ್ಲಿ ಬಹಳ ಹಿಂದಿನಿಂದಲೂ ಉಂಟು. ಗಾಳಿಯಲ್ಲಿ ಕರಿದು ತಿಂದವರ ಮಾತು ಮಾತ್ರ ತೀರ ಹೊಸದು. 2010ರಲ್ಲಿ ಬರ್ಲಿನ್ ನಗರದ ವಸ್ತುಪ್ರದರ್ಶನವೊಂದರಲ್ಲಿ ಫಿಲಿಪ್ಸ್ ಸಂಸ್ಥೆಯವರು ‘ಏರ್ ಫ್ರೈಯರ್’ ಎಂಬ ಉಪಕರಣವನ್ನು ಲೋಕದ ಮುಂದಿಟ್ಟರು. ಫ್ರೆಡ್ ವಾನ್ ಡರ್ ವೈ ಎಂಬ ಡಚ್ ಶೋಧಕನ ಪ್ರಯೋಗಗಳು ಅದಕ್ಕೆ ಆಧಾರವಾಗಿದ್ದವು. ಅಂದಿನಿಂದ ಒಂದೂವರೆ ದಶಕ ಕಳೆಯುವಷ್ಟರಲ್ಲಿ ಆ ಯಂತ್ರವು ಕರ್ನಾಟಕದ ಉತ್ತರದ ತುದಿಯವರೆಗೂ ಬಂದು ತಲುಪಿದೆ. ಬೀದರ ನಗರದಲ್ಲಿ ಕೊಂಡು ತಂದವರುಂಟು. ಹೈದರಾಬಾದಿನಲ್ಲೋ ಪುಣೆಯಲ್ಲೋ ನೌಕರಿಗಿರುವ ಮಗನು ಕಳುಹಿಸಿದ ಪೆಟ್ಟಿಗೆಯನ್ನು ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ಬಿಚ್ಚಿ ನೋಡಿ ಬೆರಗಾದವರೂ ಉಂಟು.

ಮಗನು ಅದನ್ನು ಕಳುಹಿಸುವುದು ಸುಮ್ಮನೆ ಅಲ್ಲ. ಅರವತ್ತು ದಾಟಿದ ತಂದೆಗೆ ವೈದ್ಯರು ಕರಿದ ಪದಾರ್ಥವನ್ನು ವರ್ಜ್ಯ ಮಾಡಿರುತ್ತಾರೆ. ಮಳೆ ಹಿಡಿದ ಸಂಜೆ ನೆರೆಮನೆಯಿಂದ ಮಿರ್ಚಿ ಭಜ್ಜಿಯ ಕಂಪು ತೇಲಿಬಂದಾಗ ಆತನು ಮುಖ ಚಿಕ್ಕದು ಮಾಡಿ ಕುಳಿತುಕೊಳ್ಳುವುದನ್ನು ಮನೆಯವರು ನೋಡಲಾರರು. ಎಣ್ಣೆಯಿಲ್ಲದೆ ಕರಿಯುವ ಯಂತ್ರವೆಂದರೆ ಅಂತಹ ಮನೆಗೆ ವರವೇ ಸರಿ. ಆದಕಾರಣ ಅದು ಬಂದ ಮೊದಲ ಭಾನುವಾರವೇ ಕಡಲೆಹಿಟ್ಟು ಕಲಸಿ, ಮೆಣಸಿನಕಾಯಿ ಅದ್ದಿ, ಯಂತ್ರದ ಬುಟ್ಟಿಯಲ್ಲಿ ಸಾಲಾಗಿ ಇಡುತ್ತಾರೆ. ಕಾಲು ಗಂಟೆಯ ಮೇಲೆ ತೆರೆದು ನೋಡಿದರೆ ಹಿಟ್ಟೆಲ್ಲ ತೂತುಗಳೊಳಗೆ ಇಳಿದು, ಒಣಗಿ, ಹೆಂಟೆಯಂತೆ ಅಂಟಿಕೊಂಡಿರುತ್ತದೆ; ಮೆಣಸಿನಕಾಯಿ ಮೈಬಿಟ್ಟು ಬಾಡಿರುತ್ತದೆ. ತಂದೆಯವರು ಒಂದು ತುಣುಕು ಬಾಯಿಗಿಟ್ಟು ಮರುಮಾತಾಡದೆ ಎದ್ದುಹೋಗುತ್ತಾರೆ. ಹಲವು ಸಾವಿರ ರೂಪಾಯಿಯ ಯಂತ್ರವು ತಿಂಗಳೊಳಗೆ ಅಟ್ಟವನ್ನೇರುತ್ತದೆ.

ಹೀಗಾಗಲು ಕಾರಣವೇನು? ಯಂತ್ರದ ದೋಷವೆಂದು ಹೇಳುವಂತಿಲ್ಲ. ಹೆಸರಿನ ದೋಷವೆಂದರೆ ಸರಿಯಾದೀತು. ಏರ್ ಫ್ರೈಯರಿನಲ್ಲಿ ಕರಿಯುವ ಕ್ರಿಯೆಯೇ ನಡೆಯುವುದಿಲ್ಲ. ಮೇಲ್ಭಾಗದಲ್ಲಿ ಕಾಯುವ ಸುರುಳಿ, ಅದರ ಮೇಲೆ ವೇಗವಾಗಿ ತಿರುಗುವ ಪಂಖ, ಕೆಳಗೆ ತೂತುಗಳುಳ್ಳ ಬುಟ್ಟಿ. ಇಷ್ಟೇ ಅದರ ಅಂಗರಚನೆ. ಬಿಸಿಗಾಳಿಯು ಇಕ್ಕಟ್ಟಾದ ಜಾಗದಲ್ಲಿ ಸುತ್ತಿ ಸುತ್ತಿ ಪದಾರ್ಥದ ಮೈಯನ್ನು ಒಣಗಿಸುತ್ತದೆ, ಬೇಯಿಸುತ್ತದೆ, ಕೆಂಪಗಾಗಿಸುತ್ತದೆ. ಬೇಕರಿಯ ಭಟ್ಟಿಯನ್ನು ಚಿಕ್ಕದಾಗಿಸಿ ಅದರೊಳಗೊಂದು ಪಂಖವನ್ನು ಇಟ್ಟರೆ ಆಗುವುದೇ ಇದು.

ಎಣ್ಣೆಯ ಗುಣವೇ ಬೇರೆ. 180 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯ್ದ ಎಣ್ಣೆ ಹಿಡಿದಿಟ್ಟುಕೊಳ್ಳುವ ಶಾಖದ ಸಾವಿರದಲ್ಲೊಂದು ಪಾಲೂ ಅಷ್ಟೇ ಗಾತ್ರದ, ಅಷ್ಟೇ ಕಾವಿನ ಗಾಳಿಯಲ್ಲಿರದು. ನೀರಾದ ಹಿಟ್ಟು ಬಾಣಲೆಗೆ ಬಿದ್ದ ಕ್ಷಣದಲ್ಲಿಯೇ ಎಣ್ಣೆಯು ಅದನ್ನು ಎಲ್ಲ ಕಡೆಯಿಂದ ಹಿಡಿದು ಗಟ್ಟಿಗೊಳಿಸುತ್ತದೆ. ಗಾಳಿಗೆ ಆ ಅವಸರವೂ ಇಲ್ಲ, ಆ ಬಲವೂ ಇಲ್ಲ. ಅದು ಗಟ್ಟಿಗೊಳಿಸುವಷ್ಟರಲ್ಲಿ ಹಿಟ್ಟು ಸೋರಿಹೋಗಿರುತ್ತದೆ. ಭಜ್ಜಿಯಾಗಲಿ, ಪೂರಿಯಾಗಲಿ, ಉದ್ದಿನ ವಡೆಯಾಗಲಿ ಇದರಲ್ಲಿ ಬಾಣಲೆಯ ರುಚಿಗೆ ಬಾರದಿರಲು ಇದೇ ಕಾರಣ.

ಈ ಒಂದು ಮಾತನ್ನು ಅರಿತುಕೊಂಡರೆ ಮುಂದಿನ ದಾರಿ ಸುಗಮ. ಕರಿಯುವುದನ್ನು ಬಿಟ್ಟು ಹುರಿಯುವುದರಿಂದ, ಸುಡುವುದರಿಂದ ಆರಂಭಿಸಬೇಕು. ಬೀದರ ಸೀಮೆಯ ಅಡುಗೆಮನೆಗೆ ಇವೆರಡೂ ಹೊಸ ವಿದ್ಯೆಗಳಲ್ಲ. ಅಲ್ಲಿ ಭಜ್ಜಿಯೆಂಬ ಮಾತಿಗೇ ಎರಡು ಅರ್ಥ. ಬಾಣಲೆಯಿಂದ ಬರುವುದು ಒಂದು. ಎಳ್ಳಮಾವಾಸ್ಯೆಯ ದಿನ ಬಂಧುಬಳಗವನ್ನು ಕೂಡಿಕೊಂಡು ಹೊಲಕ್ಕೆ ಹೋಗಿ ರೊಟ್ಟಿ, ಅಂಬಲಿಗಳೊಡನೆ ಉಣ್ಣುವ, ಹಸಿ ಕಾಳು ಸೊಪ್ಪು ತರಕಾರಿಗಳೆಲ್ಲ ಕೂಡಿ ಬೆಂದ ಭಜ್ಜಿ ಇನ್ನೊಂದು. ಎರಡನೆಯದಕ್ಕೆ ಕರಿಯುವ ಎಣ್ಣೆಯ ಹಂಗಿಲ್ಲ. ರುಚಿಯಲ್ಲಿ ಅದು ಮೊದಲನೆಯದಕ್ಕೆ ಸೋತದ್ದೂ ಇಲ್ಲ. ಎಣ್ಣೆಯಿಲ್ಲದೆ ನಾಲಗೆಗೆ ಸುಖವಿಲ್ಲವೆಂಬ ಮಾತು ಆ ನೆಲದಲ್ಲಿಯೇ ಸುಳ್ಳಾಗಿದೆ.

ಮೊದಲ ಪಾಠಕ್ಕೆ ಶೇಂಗಾ ಬೀಜವೇ ಯೋಗ್ಯ. ಹೊಸ ಯಂತ್ರವನ್ನು ಒಮ್ಮೆ ಹತ್ತು ನಿಮಿಷ ಬರಿದಾಗಿ ನಡೆಸಿ ಅದರ ಹೊಸ ವಾಸನೆಯನ್ನು ಕಳೆಯಬೇಕು. ಅನಂತರ ಕಾಲು ಕಿಲೋ ಶೇಂಗಾವನ್ನು ಬುಟ್ಟಿಯಲ್ಲಿ ತೆಳುವಾಗಿ ಹರಡಿ, 160 ಡಿಗ್ರಿಯಲ್ಲಿ ಸುಮಾರು ಹತ್ತು ನಿಮಿಷ ಇಟ್ಟು, ನಡುನಡುವೆ ಎರಡು ಮೂರು ಸಲ ಬುಟ್ಟಿಯನ್ನು ಕುಲುಕಬೇಕು. ಒಲೆಯ ಮುಂದೆ ನಿಂತು ಕೈಯಾಡಿಸುವ ಕೆಲಸ ತಪ್ಪಿತು, ಬೀಜ ಸೀಯುವ ಭಯವೂ ಕಡಿಮೆಯಾಯಿತು. ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿಗೆ ಸಾಮಗ್ರಿ ಸಿದ್ಧವಾಯಿತು. ಬೀಜವು ಯಾವ ನಿಮಿಷದಲ್ಲಿ ಬಣ್ಣ ತಿರುಗಿತೆಂಬುದನ್ನು ಗೃಹಿಣಿಯು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದೊಂದು ಯಂತ್ರದ ಕಾವು ಒಂದೊಂದು ಬಗೆ. ಪುಸ್ತಕದಲ್ಲಿ ಅಚ್ಚಾದ ಲೆಕ್ಕಕ್ಕಿಂತ ಆ ಚೀಟಿಯ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.

ಎರಡನೆಯ ಪಾಠ ಆಲೂಗಡ್ಡೆ. ಇಲ್ಲಿ ಸ್ವಲ್ಪ ಶಾಸ್ತ್ರವನ್ನೂ ತಿಳಿದಿರಬೇಕು. ಕಾವು 140 ಡಿಗ್ರಿಯ ಆಸುಪಾಸನ್ನು ದಾಟಿದಾಗ ಪದಾರ್ಥದಲ್ಲಿರುವ ಸಕ್ಕರೆಯ ಅಂಶವೂ ಸಸಾರಜನಕದ ಅಂಶವೂ ಬೆರೆತು ಕೆಂಬಣ್ಣವನ್ನೂ ಕಂಪನ್ನೂ ಉಂಟುಮಾಡುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮೈಯಾರನ ಹೆಸರೇ ಆ ಕ್ರಿಯೆಗೆ ನಿಂತಿದೆ. ಆದರೆ ಇದೇ ದಾರಿಯಲ್ಲಿ ‘ಅಕ್ರಿಲಮೈಡ್’ ಎಂಬ ಹಾನಿಕರವಾಗಬಹುದಾದ ವಸ್ತುವೂ ಹುಟ್ಟುತ್ತದೆಂಬುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಬಾಣಲೆಯಲ್ಲಿ ಹುಟ್ಟುವ ಈ ವಸ್ತು ಗಾಳಿಯ ಯಂತ್ರದಲ್ಲಿಯೂ ಹುಟ್ಟದೆ ಇರದು. ಆದ್ದರಿಂದ ಹೆಚ್ಚಿದ ಆಲೂಗಡ್ಡೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕಾಲು ಕಿಲೋಗೆ ಒಂದು ಚಮಚ ಎಣ್ಣೆ ಸವರಿ, 180 ಡಿಗ್ರಿಯಲ್ಲಿ ಹದಿನೆಂಟು ಇಪ್ಪತ್ತು ನಿಮಿಷ ಬೇಯಿಸಬೇಕು. ಹೊನ್ನಿನ ಬಣ್ಣ ಬಂದೊಡನೆ ತೆಗೆಯಬೇಕು. ಕಂದು ತಿರುಗುವವರೆಗೆ ಕಾಯಬಾರದು. ಕರಿಯುವ ಆಲೂಗಡ್ಡೆಯನ್ನು ಹಸಿಯಾಗಿ ಫ್ರಿಜ್ಜಿನಲ್ಲಿ ಇಟ್ಟಿರಲೂಬಾರದು. ತಣ್ಣಗೆ ಇಟ್ಟಷ್ಟೂ ಅದರಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ.

ಈ ಎರಡು ಪಾಠಗಳಾದ ಮೇಲೆ ಕೈ ತಾನಾಗಿಯೇ ತಿರುಗುತ್ತದೆ. ಶೇಂಗಾ ಎಳ್ಳುಗಳ ಮಸಾಲೆ ತುಂಬಿದ ಎಳೆಯ ಬದನೆಕಾಯಿಗೆ ಎಣ್ಣೆ ಸವರಿ 180 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು, ಬಳಿಕ ರಸಕ್ಕೆ ಬಿಟ್ಟರೆ ಎಣ್ಣೆಗಾಯಿಯ ಅರ್ಧ ಎಣ್ಣೆ ಉಳಿಯುತ್ತದೆ. ಶಿವರಾತ್ರಿಯ ಗೆಣಸು ಸಿಪ್ಪೆಸಹಿತ ಮುಕ್ಕಾಲು ಗಂಟೆಯೊಳಗೆ ಕೆಂಡದಲ್ಲಿ ಸುಟ್ಟಂತೆ ಮೆತ್ತಗಾಗುತ್ತದೆ. ಮಿರ್ಚಿಯ ಆಸೆ ಬಿಡದವರು ದಪ್ಪ ಮೆಣಸಿನಕಾಯಿಯನ್ನು ಸೀಳಿ, ಹುರಿದ ಕಡಲೆಹಿಟ್ಟು, ಎಳ್ಳು, ಅಜವಾನ, ಹುಣಸೆರಸಗಳ ಗಟ್ಟಿ ಹೂರಣ ತುಂಬಿ ಸುಡಬಹುದು. ಅದು ಭಜ್ಜಿಯಾಗದು, ಆದರೆ ತಟ್ಟೆಯಲ್ಲಿ ಉಳಿಯುವುದೂ ಇಲ್ಲ. ಸಮೋಸಕ್ಕೆ ಮೇಲೆ ಎಣ್ಣೆ ಸವರಿ ಇಟ್ಟರೆ ಅದರ ಹೊರಪದರ ಬೇಕರಿಯ ಖಾರಿಗೆ ಹತ್ತಿರವಾಗುತ್ತದೆ. ರಂಜಾನ್ ತಿಂಗಳ ಸಂಜೆಗಳಲ್ಲಿ ಇದನ್ನು ಮೆಚ್ಚುವ ಮನೆಗಳು ಇರಬಹುದು, ಮೆಚ್ಚದ ಮನೆಗಳೂ ಇರಬಹುದು. ಕೋಳಿಯ ತುಂಡುಗಳು ತಮ್ಮ ಕೊಬ್ಬಿನಲ್ಲಿಯೇ ಬೇಯುವುದರಿಂದ ಅವಕ್ಕೆ ಬೇರೆ ಎಣ್ಣೆ ಅಷ್ಟಾಗಿ ಬೇಡ. ಒಳಗಿನ ಮಾಂಸ ಪೂರ್ತಿ ಬೆಂದಿದೆಯೇ ಎಂದು ನೋಡಿ ಇಳಿಸಬೇಕು.

ಹಪ್ಪಳದ ವಿಷಯದಲ್ಲಿ ಒಂದು ಎಚ್ಚರಿಕೆ. ಹಗುರವಾದ ಹಪ್ಪಳ ಪಂಖದ ಗಾಳಿಗೆ ಮೇಲೆದ್ದು ಕಾಯ್ದ ಸುರುಳಿಗೆ ತಗುಲಿ ಹೊತ್ತಿಕೊಳ್ಳಬಹುದು. ಅದರ ಮೇಲೆ ಯಂತ್ರದೊಡನೆ ಬರುವ ತಂತಿಯ ಜಾಲರಿಯನ್ನು ಇಟ್ಟೇ ಸುಡಬೇಕು. ಎರಡು ಮೂರು ನಿಮಿಷ ಸಾಕು. ನಿನ್ನೆಯ ಜೋಳದ ರೊಟ್ಟಿಯನ್ನು ಗರಿಗರಿ ಮಾಡುವಾಗಲೂ ಇದೇ ಕ್ರಮ. ಆದರೆ ಹೊಸ ರೊಟ್ಟಿಯನ್ನು ಬೇಯಿಸಲು ಹೆಂಚೇ ಬೇಕು. ಬದನೆಕಾಯಿ ಭರತಕ್ಕೆ ಕೆಂಡದ ಹೊಗೆಯೇ ಬೇಕು. ಅವೆರಡನ್ನೂ ಈ ಯಂತ್ರ ಕೊಡಲಾರದು.

ಇನ್ನು ಬುಟ್ಟಿಯ ಹೊರಗಿನ ಮಾತು. ಏರ್ ಫ್ರೈಯರುಗಳಲ್ಲಿ ಹಲವು ಸುಮಾರು 1500 ವ್ಯಾಟ್ ಶಕ್ತಿಯವು. 230 ವೋಲ್ಟಿನ ತಂತಿಯಲ್ಲಿ ಅದು ಆರೂವರೆ ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಗಳಲ್ಲಿ ದೀಪಕ್ಕೂ ಪಂಖಕ್ಕೂ ಇರುವ 6 ಆಂಪಿಯರಿನ ಸಣ್ಣ ಸಾಕೆಟ್ಟಿಗಾಗಲಿ, ಬೆಲೆ ಕಡಿಮೆಯ ಎಕ್ಸ್‌ಟೆನ್ಷನ್ ಪೆಟ್ಟಿಗೆಗಾಗಲಿ ಅದನ್ನು ಸಿಕ್ಕಿಸುವುದು ಬೆಂಕಿಯೊಡನೆ ಸರಸ. 16 ಆಂಪಿಯರಿನ ಸಾಕೆಟ್, ಭೂಸಂಪರ್ಕದ ತಂತಿ, ಹಿಂಬದಿಯಲ್ಲಿ ಒಂದು ಗೇಣು ಖಾಲಿ ಜಾಗ, ಇವು ಮೂರೂ ಇರಬೇಕು. ಕರೆಂಟ್ ಹೋದಾಗ ಮನೆಯ ಸಾಮಾನ್ಯ ಇನ್ವರ್ಟರು ಇದನ್ನು ಹೊರಲಾರದು. ಆದ್ದರಿಂದ ಗ್ಯಾಸಿನ ಒಲೆಗೆ ಇದು ಜೊತೆಗಾರನಾದೀತೇ ಹೊರತು ಉತ್ತರಾಧಿಕಾರಿಯಾಗದು.

ದಿನಕ್ಕೆ ಇಪ್ಪತ್ತು ನಿಮಿಷ ನಡೆಸಿದರೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು ಯೂನಿಟ್ ವೆಚ್ಚ. ಲೆಕ್ಕ ಚಿಕ್ಕದೇ. ಆದರೆ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಮನೆಯವರೇ ತೆರಬೇಕು; ಅದರೊಳಗೆ ಇದ್ದರೂ ಆ ಮನೆಗೆ ಗೊತ್ತುಮಾಡಿದ ಮಿತಿಗಿಂತ ಹೆಚ್ಚಿನ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ನಡೆಯುವ ಮನೆಯಲ್ಲಿ 190ರ ಅಂಚಿನಲ್ಲಿರುವ ಮೀಟರನ್ನು ಈ ಹದಿನೈದು ಯೂನಿಟ್ಟುಗಳೇ ಆಚೆಗೆ ನೂಕಬಲ್ಲವು. ಯಂತ್ರ ಕೊಳ್ಳುವ ಮುನ್ನ ಜೆಸ್ಕಾಂ ಬಿಲ್ಲುಗಳನ್ನು ಒಮ್ಮೆ ತಿರುವಿ ನೋಡುವುದು ಜಾಣತನ.

ಹಾಗಾದರೆ ಇದರಿಂದ ಲಾಭವೇ ಇಲ್ಲವೆ? ಖಂಡಿತ ಉಂಟು. ಕರಿದ ಮೇಲೆ ಬಾಣಲೆಯಲ್ಲಿ ಉಳಿಯುವ ಎಣ್ಣೆಯನ್ನು ಚೆಲ್ಲಲು ಯಾವ ಗೃಹಿಣಿಗೆ ಮನಸ್ಸು ಬರುತ್ತದೆ? ಅದನ್ನು ಮತ್ತೆ ಮತ್ತೆ ಕಾಯಿಸಿದಷ್ಟೂ ಅದು ಕೆಡುತ್ತದೆ. ಹೀಗೆ ಕೆಟ್ಟ ಅಂಶವು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ಜುಲೈಯಿಂದ ನಿಯಮ ಮಾಡಿದೆ. ಏರ್ ಫ್ರೈಯರಿನಲ್ಲಿ ಉಳಿಯುವ ಎಣ್ಣೆಯೇ ಇಲ್ಲವಾದ್ದರಿಂದ ಆ ಧರ್ಮಸಂಕಟವೂ ಇಲ್ಲ. ಆದರೆ ಯಂತ್ರವು ಎಣ್ಣೆಯನ್ನು ಮಾತ್ರ ಕಡಿಮೆ ಮಾಡೀತು. ಉಪ್ಪನ್ನಾಗಲಿ, ಮೈದಾವನ್ನಾಗಲಿ, ತಿನ್ನುವವನ ಆಸೆಯನ್ನಾಗಲಿ ಕಡಿಮೆ ಮಾಡದು. ಎಣ್ಣೆಯಿಲ್ಲವೆಂಬ ಧೈರ್ಯದಿಂದ ಎರಡರ ಜಾಗದಲ್ಲಿ ಆರು ಸಮೋಸ ತಿಂದರೆ ವೈದ್ಯರ ಮಾತಿಗೆ ಬೆಲೆ ಬಂದಂತಾಗಲಿಲ್ಲ. ಹಾಗೆಯೇ, ಆರು ಜನರ ಕುಟುಂಬಕ್ಕೆ ನಾಲ್ಕು ಲೀಟರಿನ ಬುಟ್ಟಿ ಎರಡು ಮೂರು ಸರದಿ ಬೇಡುತ್ತದೆ. ಒತ್ತಾಗಿ ತುಂಬಿದರೆ ಗಾಳಿ ಆಡದೆ ಎಲ್ಲವೂ ಮೆತ್ತಗಾಗುತ್ತದೆ. ಆ ಸರದಿಗಳನ್ನು ಕಾಯುವ ಹೊಣೆ ತಾಯಿಯೊಬ್ಬಳ ಮೇಲೆಯೇ ಬೀಳದಂತೆ ಮನೆಯ ಉಳಿದವರು ನೋಡಿಕೊಳ್ಳುವುದು ನ್ಯಾಯ. ಬುಟ್ಟಿ ಕುಲುಕಲು ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ!

ಹೊಸ ಸೊಸೆಯನ್ನು ಮನೆಗೆ ತಂದವರು ಹಿಂದಿನವರ ಕೈರುಚಿಯನ್ನೇ ಆಕೆಯಿಂದ ಮೊದಲ ದಿನ ಕೇಳಿದರೆ ಇಬ್ಬರಿಗೂ ನಿರಾಸೆ. ಆಕೆಗೆ ಏನು ಬರುತ್ತದೆಂದು ವಿಚಾರಿಸಿದರೆ ಮನೆಗೆ ಒಂದು ಹೊಸ ರುಚಿ ಸೇರುತ್ತದೆ. ಈ ಯಂತ್ರದ ವಿಷಯವೂ ಅಷ್ಟೇ. ಬಾಣಲೆಯ ಕೆಲಸವನ್ನು ಬಾಣಲೆಗೇ ಬಿಟ್ಟು, ಅದನ್ನು ಹಬ್ಬಹುಣ್ಣಿಮೆಗೆ ಮೀಸಲಿಟ್ಟು, ದಿನದಿನದ ಹುರಿಯುವ ಸುಡುವ ಕೆಲಸವನ್ನು ಗಾಳಿಗೆ ಒಪ್ಪಿಸಿದ ಮನೆಯಲ್ಲಿ ಅದು ಅಟ್ಟವನ್ನೇರುವುದಿಲ್ಲ. ಪಥ್ಯದ ಹಿರಿಯರೂ ಅಲ್ಲಿ ಬೇರೆ ತಟ್ಟೆ ಹಿಡಿದು ಒಂಟಿಯಾಗಿ ಕೂರಬೇಕಾಗಿಲ್ಲ. ಎಲ್ಲರಿಗೂ ಬಡಿಸಿದ ಬಿಸಿ ಶೇಂಗಾವನ್ನೇ ಅವರಿಗೂ ಒಂದು ಹಿಡಿ ಬಡಿಸಬಹುದು.