ಒಲೆಯ ಮುಂದೆ ಸಿಗದ ಸಿಗ್ನಲ್ಲು

ಮನೆಗೆ ಯಾವ ಅಕ್ಕಿ, ಯಾವ ಬೇಳೆ, ಹಾಲು ಯಾರ ಮನೆಯದು ಎಂದು ತೀರ್ಮಾನಿಸುವವರು ನಾವು. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ, ಬಣ್ಣ ಬಿಡುತ್ತದೆಯೇ ಎಂದು ಅಂಚು ತಿಕ್ಕಿ ನೋಡಿ, ಕೊನೆಗೆ ಏನೂ ಕೊಳ್ಳದೆ ಎದ್ದು ಬರುವ ಎದೆಗಾರಿಕೆಯೂ ನಮಗಿದೆ. ಆದರೆ ಮೊಬೈಲಿಗೆ ಯಾವ ಕಂಪನಿ ಎಂಬ ಪ್ರಶ್ನೆ ಬಂದರೆ ಮಾತ್ರ ನಮ್ಮ ಬಾಯಿಗೆ ಬೀಗ. ಯಜಮಾನರದು ಯಾವುದೋ ನಮ್ಮದೂ ಅದೇ. ಅವರು ತಂದುಕೊಟ್ಟ ಸಿಮ್ಮು ದೇವರ ಪ್ರಸಾದವಿದ್ದ ಹಾಗೆ, ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳಬೇಕು. ಈ ಪದ್ಧತಿ ನಿಲ್ಲಬೇಕು ಎನ್ನುವುದೇ ನನ್ನ ತಕರಾರು.

ಗಂಡಸರು ಕಂಪನಿ ಆರಿಸುವುದು ಪೇಟೆಯಲ್ಲಿ ನಿಂತು. ಅವರ ಕಚೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಗ್ನಲ್ಲು ಸೊಗಸಾಗಿರುತ್ತದೆ. ನಾಲ್ಕು ಗೋಡೆಯ ನಡುವೆ ದಿನದ ಹೆಚ್ಚು ಹೊತ್ತು ಇರುವವರು ಯಾರು? ಕಡಿಮೆ ಆವರ್ತನದ, ಅಂದರೆ 900 ಮೆಗಾಹರ್ಟ್ಸ್‌ನಂಥ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಒಂದಿಷ್ಟು ದಾಟುತ್ತವೆ. 2300ರಂಥವು ಹೆಚ್ಚು ಮಾಹಿತಿ ಹೊರುತ್ತವಾದರೂ ಗೋಡೆ, ತಾರಸಿ ಸಿಕ್ಕಿದೊಡನೆ ಬೇಗ ಸೊರಗುತ್ತವೆ. ನಮ್ಮ ಹಳೆಯ ಮನೆಯ ಜಂಬಿಟ್ಟಿಗೆ ಗೋಡೆಯಿಂದಾಗಿ ಜಗಲಿಯಲ್ಲಿ ನಾಲ್ಕು ಕಡ್ಡಿ, ಒಲೆಯ ಮುಂದೆ ಸೊನ್ನೆ. ಸಿಲಿಂಡರಿನ ಹುಡುಗ ಬಾಗಿಲಲ್ಲಿ ನಿಂತು “ಒಟಿಪಿ ಹೇಳಿ ಅಕ್ಕಾ” ಎನ್ನುವಾಗ, ಬ್ಯಾಂಕಿನ ಗುಪ್ತಸಂಖ್ಯೆ ಎರಡು ನಿಮಿಷದಲ್ಲಿ ಸಾಯುವಾಗ, ಅತ್ತೆಯವರಿಗೆ ನಡುರಾತ್ರಿ ಎದೆನೋವು ಬಂದಾಗ ಪೇಟೆಯ ಸಿಗ್ನಲ್ಲು ನಮ್ಮ ಯಾವ ಕೆಲಸಕ್ಕೆ?

ಆದ್ದರಿಂದ ಜಾಹೀರಾತಿನ ನಟನನ್ನು ನಂಬಬೇಡಿ, ಅಂಗಡಿಯವನನ್ನೂ ನಂಬಬೇಡಿ. ಬೇರೆ ಬೇರೆ ಕಂಪನಿಯ ಫೋನಿರುವ ಇಬ್ಬರು ನೆರೆಯವರನ್ನು ಕಾಫಿಗೆ ಕರೆಯಿರಿ. ಅಡುಗೆಮನೆಯಲ್ಲಿ, ಹಾಸಿಗೆಯ ಬದಿಯಲ್ಲಿ, ಬಚ್ಚಲ ಬಾಗಿಲಲ್ಲಿ ನಿಂತು ಒಂದೊಂದು ಕರೆ ಮಾಡಿಸಿ. ಕಡ್ಡಿಗಳನ್ನು ಎಣಿಸಬೇಡಿ, ಒಂದೊಂದು ಫೋನು ಒಂದೊಂದು ಬಗೆಯಲ್ಲಿ ಕಡ್ಡಿ ತೋರಿಸುತ್ತದೆ. ಮಾತು ತುಂಡಾಗದೆ ಕೇಳಿತೇ, ಅದೊಂದೇ ಪರೀಕ್ಷೆ.

ಇನ್ನು ದುಡ್ಡಿನ ವಿಷಯ. ಹಾಲಿನವನು “ನನ್ನ ತಿಂಗಳೆಂದರೆ 28 ದಿನ” ಅಂದರೆ ನಾವು ಬಿಡುತ್ತೇವೆಯೇ? ಮೊಬೈಲಿನವನು ಅಂದರೆ ತೆಪ್ಪಗಿರುತ್ತೇವೆ. ವರ್ಷಕ್ಕೆ ಹನ್ನೆರಡು ತಿಂಗಳು, ಅವನಿಗೆ ಹದಿಮೂರು. 280 ರೂಪಾಯಿಯ ಯೋಜನೆ ಎಂದಿಟ್ಟುಕೊಳ್ಳಿ, ಹದಿಮೂರು ಸಲಕ್ಕೆ 3640. ಹನ್ನೆರಡೇ ತಿಂಗಳಾಗಿದ್ದರೆ 3360 ಸಾಕಿತ್ತು. ಇಪ್ಪತ್ತೆಂಟು ದಿನದ ಲೆಕ್ಕವನ್ನು ಹದಿಮೂರನೆಯ ವಯಸ್ಸಿನಿಂದ ಇಟ್ಟವರು ನಾವು. ನಮಗೇ ಈ ಲೆಕ್ಕ ಹೇಳಿ ದಾಟಿಸುತ್ತಾರಲ್ಲ! ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 30 ದಿನದ ಒಂದು ಯೋಜನೆ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಯೋಜನೆಯನ್ನಾದರೂ ಇಡಲೇಬೇಕೆಂದು 2022ರಲ್ಲಿ ಆದೇಶಿಸಿತು. ಇಂಟರ್‌ನೆಟ್ ಬೇಡದವರಿಗೆ ಬರಿಯ ಕರೆ ಮತ್ತು ಎಸ್‌ಎಂಎಸ್‌ನ ಯೋಜನೆ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಹೇಳಿತು. ಕೀ ಇರುವ ಪುಟ್ಟ ಫೋನು ಹಿಡಿದ ಅಜ್ಜಿಗೆ ದಿನಕ್ಕೆ ಒಂದೂವರೆ ಜಿಬಿ ಏಕೆ? ನಡುರಾತ್ರಿ ಹನ್ನೆರಡಕ್ಕೆ ಅದು ಹೇಗೂ ಮಣ್ಣುಪಾಲು. ಇವನ್ನೆಲ್ಲ ಅಂಗಡಿಯವನು ತಾನಾಗಿ ಹೇಳಲಿ ಎಂದು ಕಾಯಬೇಡಿ, ಕೇಳಿ. ಬೆಲೆಯನ್ನು ದಿನಗಳಿಂದ ಭಾಗಿಸಿ. ಆ 280 ರೂಪಾಯಿಯದು ದಿನಕ್ಕೆ ಹತ್ತು ರೂಪಾಯಿ ಬಿತ್ತು. 84 ದಿನಕ್ಕೆ 756 ಎಂದರೆ ಒಂಬತ್ತೇ. ಆದರೆ ಅಗ್ಗವೆಂದು ವರ್ಷದ ದುಡ್ಡು ಒಮ್ಮೆಗೇ ಸುರಿಯುವ ಮೊದಲು ಸಿಗ್ನಲ್ಲಿನ ಪರೀಕ್ಷೆ ಆಗಿರಲಿ. ಮಾತೇ ಕೇಳದ ಫೋನಿಗೆ ದಿನಕ್ಕೆ ಒಂದು ರೂಪಾಯಿಯೂ ದುಬಾರಿ.

“ನಂಬರು ಬದಲಾದರೆ ತವರಿನವರಿಗೆಲ್ಲ ಮತ್ತೆ ಹೇಳಬೇಕಲ್ಲ” ಎಂದು ಈಗಲೂ ಹೆದರುವವರಿದ್ದಾರೆ. ನಂಬರು ಉಳಿಸಿಕೊಂಡೇ ಕಂಪನಿ ಬಿಡುವ ಸೌಲಭ್ಯ ದೇಶಕ್ಕೆಲ್ಲ ಬಂದಿದ್ದು 2011ರ ಜನವರಿ 20ರಂದು. ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಸಂದೇಶ ಕಳಿಸಿ. ಬರುವ ಸಂಕೇತವನ್ನು ಹೊಸ ಕಂಪನಿಯ ಅಂಗಡಿಗೆ ಒಯ್ದರೆ ಆಯಿತು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಬಿಲ್ಲು ಬಾಕಿ ಇರಬಾರದು. ಉಳಿದ ರೀಚಾರ್ಜು ಜೊತೆಗೆ ಬರುವುದಿಲ್ಲ, ಹಾಗಾಗಿ ಅವಧಿ ಮುಗಿಯುವ ಹೊತ್ತಿಗೆ ಹೊರಡಿ.

“ಮನೆಯವರೆಲ್ಲ ಒಂದೇ ಕಂಪನಿಯಲ್ಲಿದ್ದರೆ ಚೆಂದ” ಎನ್ನುವುದು ಗಂಡಸರ ಇನ್ನೊಂದು ವಾದ. ಗಾಳಿಮಳೆಗೆ ಆ ಒಂದು ಕಂಪನಿಯ ಗೋಪುರ ಮಲಗಿತೆನ್ನಿ, ಇಡೀ ಮನೆ ಮೂಕವಾಗುತ್ತದೆ. ಮನೆಯಲ್ಲಿ ಎರಡು ಕಂಪನಿ ಇರುವುದು ಜಗಳವಲ್ಲ, ಜಾಣತನ.

ಎಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ನಿಮ್ಮ ಕೈಯ ಸಿಮ್ಮು ಯಾರ ಹೆಸರಿನಲ್ಲಿದೆ? ಬಹಳ ಮನೆಗಳಲ್ಲಿ ಗಂಡನ ಹೆಸರಿನಲ್ಲಿ, ಇಲ್ಲವೇ ಮಗನ ಹೆಸರಿನಲ್ಲಿ. ನಿಮ್ಮ ಬ್ಯಾಂಕು, ಆಧಾರ್, ಗ್ಯಾಸು ಎಲ್ಲವೂ ಆ ಹತ್ತು ಅಂಕಿಗೆ ಗಂಟು ಬಿದ್ದಿವೆ, ಆದರೆ ಆ ಅಂಕಿ ನಿಮ್ಮದಲ್ಲ. ಸಿಮ್ಮು ಕಳೆದರೆ ಅವರೇ ಬರಬೇಕು, ಕಂಪನಿ ಬಿಡಲೂ ಅವರದೇ ಗುರುತು ಬೇಕು. ಬಾಡಿಗೆ ಮನೆಗೆ ಸುಣ್ಣ ಬಳಿದ ಹಾಗಾಯಿತು ನಮ್ಮ ಪಾಡು.

ಮೊದಲು ಆಧಾರ್ ಹಿಡಿದು ಹೋಗಿ ಸಿಮ್ಮನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆಮೇಲೆ ಒಳ್ಳೆಯದು ಕಂಡ ಕಂಪನಿಯನ್ನು ಹಿಡಿಯಿರಿ, ಕೆಟ್ಟದ್ದನ್ನು ಬಿಡಿ. ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವವರಿಗೆ ಇದೇನು ಮಹಾ ವಿದ್ಯೆಯಲ್ಲ.