ಡಾಕ್ಟರಾಗುವ ಹಾದಿಯಲ್ಲಿ ಸಣ್ಣ ಕಾಲೇಜು

1989ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡ ಇಬ್ಬರು ಅಮೆರಿಕನ್ನರೂ ಪದವಿ ಓದಿದ್ದು ಸಾಹಿತ್ಯ, ವಿಜ್ಞಾನ ಎರಡನ್ನೂ ಒಂದೇ ಸೂರಿನಡಿ ಕಲಿಸುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ. ಮೈಕೆಲ್ ಬಿಷಪ್ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಹೆರಾಲ್ಡ್ ವಾರ್ಮಸ್ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಹಾರ್ವರ್ಡ್‌ನಲ್ಲಿ ಅದರಲ್ಲೇ ಎಂ.ಎ. ಮುಗಿಸಿದ ಮೇಲೆ ಅವರು ಕೊಲಂಬಿಯಾದ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿ ಓದುತ್ತಿದ್ದಾಗ ನಮ್ಮ ಬರೇಲಿಯ ಮಿಷನ್ ಆಸ್ಪತ್ರೆಗೂ ಬಂದು ಕೆಲಸ ಕಲಿತರು. ವೈರಸ್ಸುಗಳು ಹೊತ್ತು ತರುವ ಕ್ಯಾನ್ಸರ್ ಜೀನಿನ ಮೂಲ ಸಹಜ ಜೀವಕೋಶದಲ್ಲೇ ಇದೆ ಎಂದು ತೋರಿಸಿದ್ದು ಈ ಜೋಡಿ.

ಇಂಥ ಉದಾಹರಣೆ ಸಿಕ್ಕಿದರೆ ಸಾಕು, ಸಾಹಿತ್ಯ ಓದಿದವರೇ ಒಳ್ಳೆಯ ಡಾಕ್ಟರಾಗುತ್ತಾರೆ ಎನ್ನುವವರಿಗೆ ಹುರುಪು ಬರುತ್ತದೆ. ಆದರೆ ಲಿಬರಲ್ ಆರ್ಟ್ಸ್ ಕಾಲೇಜನ್ನು ಆರಿಸಿಕೊಳ್ಳಲು ಅದಕ್ಕಿಂತ ಗಟ್ಟಿಯಾದ ಕಾರಣ ಒಂದಿದೆ: ಅಲ್ಲಿ ವಿಜ್ಞಾನವನ್ನು ಕಲಿಸುವ ಬಗೆ.

ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿ ನೇರವಾಗಿ ಎಂಬಿಬಿಎಸ್ ಸೇರುವ ಪದ್ಧತಿ ಇಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಎಂ.ಡಿ. ಪದವಿಯಲ್ಲಿ ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದಬಹುದು. ಆದರೂ ಎಂ.ಡಿ. ಸೇರಬಯಸುವ ಬಹುತೇಕ ಎಲ್ಲರೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಕೋರ್ಸುಗಳನ್ನು ಲ್ಯಾಬ್ ಸಮೇತ ಮುಗಿಸಬೇಕು, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕು.

ಈ ಕೋರ್ಸುಗಳಲ್ಲಿ ಹುಡುಗರು ಹೆಚ್ಚು ಹೆದರುವುದು ಆರ್ಗ್ಯಾನಿಕ್ ಕೆಮಿಸ್ಟ್ರಿಗೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಅದು ನೂರಾರು ಮಂದಿ ಕೂರುವ ಹಾಲಿನಲ್ಲಿ ನಡೆಯುತ್ತದೆ. ಲ್ಯಾಬನ್ನು ಸಾಮಾನ್ಯವಾಗಿ ಪಿಎಚ್.ಡಿ. ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳಿರುವ ವಿಲಿಯಮ್ಸ್, ಕಾರ್ಲ್‌ಟನ್, ಗ್ರಿನೆಲ್‌ನಂಥ ಕಾಲೇಜುಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳೇ ಇಲ್ಲದ ಕಾರಣ ಮೇಷ್ಟ್ರೇ ಮೇಜಿನ ಪಕ್ಕ ನಿಲ್ಲುತ್ತಾರೆ. ಭಟ್ಟಿ ಇಳಿಸುವಾಗ ಥರ್ಮಾಮೀಟರಿನ ಬುರುಡೆ ಪಕ್ಕದ ನಳಿಕೆಗಿಂತ ಮೇಲಿದ್ದರೆ ಉಷ್ಣಾಂಶ ಕಡಿಮೆ ತೋರುತ್ತದೆ. ಅದನ್ನು ಕಂಡ ಮೇಷ್ಟ್ರು "ಈ ಉಷ್ಣಾಂಶ ಯಾಕೆ ತಪ್ಪು ಬಂತು, ಹೇಳು" ಎಂದು ಅಲ್ಲೇ ಕೇಳಬಲ್ಲರು. ಎರಡು ವರ್ಷದ ನಂತರ ಅದೇ ವಿದ್ಯಾರ್ಥಿಗೆ ಶಿಫಾರಸು ಪತ್ರ ಬರೆಯುವಾಗ ಅವರಿಗೆ ಅಂಕಪಟ್ಟಿ ನೋಡಿ ಊಹಿಸಬೇಕಾದ ಗತಿ ಬರುವುದಿಲ್ಲ.

ಮಾನವಿಕ ವಿಷಯಗಳ ಓದಿಗೂ ಅದರದ್ದೇ ಬೆಲೆಯಿದೆ. ಎಂಕ್ಯಾಟ್‌ನ 230 ಪ್ರಶ್ನೆಗಳಲ್ಲಿ 53 ಪ್ರಶ್ನೆಗಳಿಗೆ ವಿಜ್ಞಾನದ ಗಂಧವೇ ಬೇಕಿಲ್ಲ. ತತ್ವಶಾಸ್ತ್ರ, ಕಲೆ, ಸಮಾಜ ಕುರಿತ ಒಂಬತ್ತು ಗದ್ಯಭಾಗಗಳನ್ನು ಓದಿ, 90 ನಿಮಿಷದಲ್ಲಿ ಲೇಖಕರ ವಾದವನ್ನು ಬಿಡಿಸಿ ಉತ್ತರಿಸಬೇಕು. 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಒಂದು ಭಾಗ ಮೀಸಲಾಗಿದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಮೆಡಿಕಲ್ ಕಾಲೇಜು 1987ರಲ್ಲೇ ಇನ್ನೂ ಮುಂದೆ ಹೋಗಿ, ಮಾನವಿಕ ವಿಷಯ ಓದುವ ಕೆಲವರಿಗೆ ಎಂಕ್ಯಾಟ್ ಇಲ್ಲದೆ ಸೀಟು ಕೊಡತೊಡಗಿತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ಒಟ್ಟಾರೆಯಾಗಿ ಸಹಪಾಠಿಗಳಿಗೆ ಸರಿಸಮನಾಗಿಯೇ ನಿಂತರು.

ಹಾಗೆಂದು ಕಾಲೇಜಿನ ಕರಪತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

"ಅರ್ಜಿ ಹಾಕಿದ ನಮ್ಮ ವಿದ್ಯಾರ್ಥಿಗಳಲ್ಲಿ ಇಷ್ಟು ಶೇಕಡ ಮಂದಿಗೆ ಮೆಡಿಕಲ್ ಸೀಟು" ಎಂಬ ಹೆಮ್ಮೆಯ ಅಂಕಿಯ ಹಿಂದೆ ಒಂದು ಜರಡಿ ಇರಬಹುದು. ಇಂಥ ಹಲವು ಕಾಲೇಜುಗಳಲ್ಲಿ ಮೇಷ್ಟ್ರುಗಳ ಸಮಿತಿಯೊಂದು ಅರ್ಜಿದಾರರಿಗೆ ಒಟ್ಟು ಶಿಫಾರಸು ಬರೆದುಕೊಡುತ್ತದೆ. ಕೆಲವೆಡೆ ಅಂಕ ಕಡಿಮೆ ಇದ್ದವರಿಗೆ ಸಮಿತಿ ಪತ್ರವನ್ನೇ ಕೊಡುವುದಿಲ್ಲ. ಅರ್ಜಿ ಹಾಕದೆ ಹಿಂದೆ ಸರಿದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ವರ್ಷದಲ್ಲಿ ಡಾಕ್ಟರಾಗುತ್ತೇನೆಂದು ಬಂದವರು ಎಷ್ಟು, ಕೊನೆಗೆ ಅರ್ಜಿ ಹಾಕಿದವರು ಎಷ್ಟು?

ಊರು ಸಣ್ಣದಾದರೆ ಇನ್ನೊಂದು ತೊಡಕು. ಅಯೋವಾದ ಗ್ರಿನೆಲ್ ಊರಿನ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಮೆಡಿಕಲ್ ಕಾಲೇಜುಗಳು ಬಯಸುವ ಆಸ್ಪತ್ರೆಯ ಅನುಭವ ಅಂಥ ಕಡೆ ಸುಲಭಕ್ಕೆ ದಕ್ಕದು. ರಜೆಯಲ್ಲಿ, ಇಲ್ಲವೇ ಪದವಿಯ ನಂತರ ಒಂದು ವರ್ಷ ಬಿಟ್ಟು ಗಳಿಸಬೇಕು.

ಅಮೆರಿಕದಲ್ಲಿ ನೆಲೆಸಿದ ಅನೇಕ ಭಾರತೀಯ ಕುಟುಂಬಗಳು, ಕನ್ನಡಿಗರೂ ಸೇರಿದಂತೆ, ಪದವಿ ಮತ್ತು ಎಂ.ಡಿ. ಎರಡಕ್ಕೂ ಒಟ್ಟಿಗೇ ಸೀಟು ಖಾತ್ರಿಪಡಿಸುವ ಕೋರ್ಸುಗಳತ್ತ ಒಲವು ತೋರುತ್ತವೆ. ಹದಿನೇಳಕ್ಕೇ ಮನಸ್ಸು ಗಟ್ಟಿಮಾಡಿದ ಮಕ್ಕಳಿಗೆ ಅದು ಸರಿ. ಇನ್ನೂ ತೂಗಿನೋಡುತ್ತಿರುವವರಿಗೆ ಸಣ್ಣ ಕಾಲೇಜೇ ವಾಸಿ. ಅಲ್ಲಿ ಮನಸ್ಸು ಬದಲಾದರೂ ಓದಿದ್ದು ವ್ಯರ್ಥವಾಗುವುದಿಲ್ಲ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಕ್ಕಳನ್ನು ಕಳಿಸುವವರ ಲೆಕ್ಕ ಬೇರೆ. ವರ್ಷದ ಖರ್ಚು 80 ಸಾವಿರ ಡಾಲರ್ ದಾಟುವ ಇಂಥ ಕಾಲೇಜುಗಳಲ್ಲಿ ಕೆಲವು ವಿದೇಶಿಯರಿಗೂ ಧಾರಾಳವಾಗಿ ನೆರವು ಕೊಡುತ್ತವೆ. ಆದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರನ್ನು ಅಲ್ಲಿನ ಬಹುಪಾಲು ಮೆಡಿಕಲ್ ಕಾಲೇಜುಗಳು ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಳ್ಳುವ ಕೆಲವೂ ನಾಲ್ಕು ವರ್ಷದ ಹಣ ಎಲ್ಲಿದೆ ಎಂದು ಮೊದಲೇ ಕೇಳಬಹುದು. ಪದವಿಯ ನೆರವು ಸಿಕ್ಕಿತೆಂದು ಸಂಭ್ರಮಿಸುವ ಮುನ್ನ ಎಂ.ಡಿ. ಬಾಗಿಲು ತೆರೆದಿದೆಯೇ ಎಂದು ವಿಚಾರಿಸುವುದು ಪೋಷಕರ ಮೊದಲ ಕೆಲಸವಾಗಬೇಕು.